ಅಬ್ಬಾನ ಡೈರಿಯ ಕೆಂಪು ಪುಟ

ಯಲ್ಲಾಪುರ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ನುಜ್ಹತ್ ಆಪಾಗೆ, ನಿನ್ನ ತಮ್ಮ ರಯಾನ್‌ನ ಸಲಾಮು.

ಅಬ್ಬಾನ ಡೈರಿಗಳನ್ನು ಗೆದ್ದಲು ತಿಂದಿಲ್ಲ. ಹತ್ತೊಂಬತ್ತೂ ನನ್ನ ಹತ್ತಿರವೇ ಇವೆ. ನಿನ್ನ ಮದುವೆಗೆ ಮುಂಚೆ ನೀನು ಅವನ್ನು ಕೇಳಿದಾಗ, ಶೆಡ್ಡಿಗೆ ಕರೆದುಕೊಂಡು ಹೋಗಿ ಗೆದ್ದಲು ಹಿಡಿದ ಹಲಗೆಯೊಂದನ್ನು ತೋರಿಸಿ "ಎಲ್ಲಾ ಮಣ್ಣಾಯ್ತು ಆಪಾ" ಅಂದವನು ನಾನು. ಅದು ಸುಳ್ಳು. ಹಲಗೆ ಯಾವುದೋ ಹಳೆಯ ಲಾರಿಯದ್ದು. ಡೈರಿಗಳು ಅದೇ ಶೆಡ್ಡಿನಲ್ಲಿ, ನೀನು ನಿಂತಿದ್ದ ಜಾಗದಿಂದ ನಾಲ್ಕು ಹೆಜ್ಜೆ ಆಚೆ, ಹರಿದ ತಾಡಪತ್ರಿಯೊಳಗೆ ಸುತ್ತಿಟ್ಟಿದ್ದವು. ಎಂಟು ವರ್ಷದಿಂದ ಹೇಳಬೇಕು ಅಂದುಕೊಂಡೇ ಇದ್ದೆ. ಈಗ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ. ಇಲ್ಲದಿದ್ದರೆ ಕ್ಷೇಮ ಸಮಾಚಾರ ಬರೆಯುತ್ತಾ ಬರೆಯುತ್ತಾ ತಪ್ಪಿಸಿಕೊಂಡುಬಿಡುತ್ತಿದ್ದೆ.

ಬಕ್ರೀದಿಗೆ ನೀನು ಬಂದು ಹೋದಾಗ ಪತ್ರ ಬರೆಯುತ್ತೇನೆ ಅಂದಿದ್ದೆ. ಐದು ತಿಂಗಳಾಯಿತು, ಕ್ಷಮಿಸು. ಫೋನ್ ಇದೆಯಲ್ಲ ಅನ್ನಬಹುದು ನೀನು. ಫೋನಿನಲ್ಲಿ ಅಬ್ಬಾನ ಹೆಸರು ಬಂದ ಕೂಡಲೇ ನಿನಗೆ ಕ್ಲಾಸಿನ ಬೆಲ್ ಹೊಡೆಯುತ್ತದೆ, ಭಾನುವಾರವೂ. ಕಾಗದವನ್ನಾದರೆ ಫೋನಿನ ಹಾಗೆ ಮಧ್ಯದಲ್ಲೇ ಇಟ್ಟುಬಿಡಲು ಬರುವುದಿಲ್ಲ ಎಂದು ನನ್ನ ಲೆಕ್ಕ.

ಫಿರ್ದೌಸ್‌ನ ಜ್ವರ ಇಳಿಯಿತು ಎಂದು ಅಮ್ಮಿ ಹೇಳಿದರು. ಹೋದ ವಾರ ಅವಳು ಫೋನಿನಲ್ಲಿ "ಮಾಮೂ, ನೀನು ಸ್ಕೂಲಿಗೆ ಯಾಕೆ ಹೋಗಲ್ಲ" ಎಂದು ಕೇಳಿದಳು. ಹತ್ತನೇ ಕ್ಲಾಸಿನಲ್ಲಿ ಕೂರೋಕೆ ಆಗಲಿಲ್ಲ, ಎದ್ದು ಬಂದೆ ಎಂದೆ. ಐದು ವರ್ಷದ ಹುಡುಗಿಗೆ ಬೇರೆ ಏನು ಹೇಳುವುದು, ನಿಜವೂ ಅದೇ. "ನಾನೂ ಎದ್ದು ಬರ್ಲಾ" ಅಂದಳು. ಬೇಡ ಎಂದು ಹೇಳಿದ್ದೇನೆ. ಆದರೆ ಈ ವಿಷಯದಲ್ಲಿ ನನ್ನ ಮಾತಿಗೆ ಅಷ್ಟು ತೂಕ ಇರಲಿಕ್ಕಿಲ್ಲ, ನೀನೇ ಇನ್ನೊಮ್ಮೆ ಹೇಳು.

ಡೈರಿಗಳ ಮಾತು ಈಗ ಯಾಕೆ ಎದ್ದಿತು ಎಂದು ಹೇಳುತ್ತೇನೆ.

ಜುಲೈ ತಿಂಗಳಲ್ಲಿ ಇಡಗುಂದಿ ಹತ್ತಿರ ಒಂದು ಕಾರಿನ ಟಯರು ಒಡೆದಿದೆ ಎಂದು ನಾನು ಕೆಲಸ ಮಾಡುವ ಗ್ಯಾರೇಜಿಗೆ ಫೋನ್ ಬಂತು. ನಾನೇ ಹೋದೆ. ಕಾರಿನ ಪಕ್ಕ ಕೊಡೆ ಹಿಡಿದು ಒಬ್ಬರು ಹೆಂಗಸು ನಿಂತಿದ್ದರು, ನಿನಗಿಂತ ಸ್ವಲ್ಪ ದೊಡ್ಡವರು. "ಸ್ಟೆಪ್ನಿ ಎಲ್ಲಿದೆ ಮೇಡಂ" ಎಂದೆ. ಅವರು ಡಿಕ್ಕಿ ತೆಗೆಯುವುದು ಬಿಟ್ಟು ಚೀಲದಿಂದ ಪುಸ್ತಕ ತೆಗೆದು, ನನ್ನ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡರು. ಪೊಲೀಸರೇನೋ ಎಂದು ನನಗೆ ಅನುಮಾನ ಬಂತು. ಹೆಸರು ದಿವ್ಯಾ, ಊರು ಸಿದ್ದಾಪುರದ ಕಡೆ ನಿಲ್ಕುಂದ, ಕೆಲಸ ಪುಣೆಯ ಒಂದು ನಿಘಂಟು ಕಚೇರಿಯಲ್ಲಿ. ಪ್ರಪಂಚದ ಬೇರೆ ಬೇರೆ ಕಡೆಯ ಜನ ಇಂಗ್ಲಿಷನ್ನು ಹೇಗೆ ಹೇಗೆ ಆಡುತ್ತಾರೆ ಎನ್ನುವುದನ್ನೆಲ್ಲ ಒಂದೇ ನಿಘಂಟಿನಲ್ಲಿ ತರುತ್ತಿದ್ದಾರಂತೆ. ಲಾರಿ ಜನರ ಇಂಗ್ಲಿಷು ಅವರ ಪಾಲಿಗೆ ಬಂದಿತ್ತು. "ಎಂತ ಮಾರಾಯ, ಟಯರ್ ಹೋಗಿದ್ದೇ ಒಳ್ಳೇದಾತು" ಎಂದು ಮಳೆಯಲ್ಲಿ ನಗುತ್ತಿದ್ದರು.

ಅವತ್ತಿನಿಂದ ನಾನು ಅವರ ಜೊತೆ ತಿರುಗಿದೆ. ನಿನಗೆ ಗೊತ್ತು, ಒಂದು ಕಡೆ ಕೂರುವ ಕೆಲಸ ನನಗೆ ಆಗಿಬರುವುದಿಲ್ಲ. ಇದು ತಿರುಗುವ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗ್ಯಾರೇಜು, ಲಾರಿ ಕಟ್ಟೆ, ಟೀ ಅಂಗಡಿ ಒಂದನ್ನೂ ಬಿಡಲಿಲ್ಲ. ಲಾರಿಗೆ ಮರದ ಮೈ ಕಟ್ಟುವವರ ಅಂಗಡಿಯ ಮೇಲೆ "ಬಾಡಿ ಬಿಲ್ಡಿಂಗ್" ಎಂಬ ಬೋರ್ಡು ಇದೆಯಲ್ಲ, ಅದರ ಫೋಟೊವನ್ನು ನಾಲ್ಕು ಕಡೆಯಿಂದ ತೆಗೆಸಿದರು. ಸಿದ್ದಾಪುರದಲ್ಲಿ ನಿನ್ನ ಶಾಲೆಯ ಮುಂದೆಯೇ ಎರಡು ಸಲ ಹೋದೆವು. ನಾನು ಒಳಗೆ ಬರಲಿಲ್ಲ. ಸಮಯ ಇರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಸಮಯ ಇತ್ತು.

ನಿಘಂಟಿನ ಕೆಲಸ ನಾನು ಅಂದುಕೊಂಡ ಹಾಗೆ ಇಲ್ಲ ಆಪಾ. ಯಾರೋ ದೊಡ್ಡವರು ಕೂತು ಇದು ಸರಿ, ಇದು ತಪ್ಪು ಎಂದು ಬರೆಯುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಪ್ರತಿ ಶಬ್ದಕ್ಕೂ ಸಾಕ್ಷಿ ಬೇಕು. ಬಾಯಲ್ಲಿ ಹೇಳಿದ್ದು ಸಾಲದು, ಬರೆದದ್ದು ಬೇಕು. ಯಾರು ಬರೆದರು, ಯಾವ ಊರಲ್ಲಿ, ಯಾವ ತಾರೀಕು. ನಿಜವಾದ ಜನ ನಿಜವಾದ ಕೆಲಸಕ್ಕೆ ಆ ಶಬ್ದ ಬಳಸಿದ್ದರೆ ಅದು ಒಳಗೆ ಹೋಗುತ್ತದೆ. ನೈಜೀರಿಯಾದಲ್ಲಿ ಟ್ರಾಫಿಕ್ ಜಾಮಿಗೆ ಗೋ-ಸ್ಲೋ ಅನ್ನುತ್ತಾರೆ, ದಕ್ಷಿಣ ಆಫ್ರಿಕಾದಲ್ಲಿ ಸಿಗ್ನಲ್ ದೀಪಕ್ಕೆ ರೋಬಾಟ್ ಅನ್ನುತ್ತಾರೆ. ಎರಡಕ್ಕೂ ನಿಘಂಟಿನಲ್ಲಿ ಜಾಗ ಇದೆ. ನಮ್ಮ ಸ್ಟೆಪ್ನಿ ಹುಟ್ಟಿದ್ದು ವೇಲ್ಸ್ ಎಂಬಲ್ಲಿನ ಒಂದು ಬೀದಿಯಲ್ಲಂತೆ. ಅಲ್ಲಿ ಬಿಡಿ ಚಕ್ರ ತಯಾರಿಸುತ್ತಿದ್ದರು, ಬೀದಿಯ ಹೆಸರೇ ಚಕ್ರಕ್ಕೂ ಬಂತು. ಆಮೇಲೆ ಅವರು ಮರೆತರು, ನಾವು ಇಟ್ಟುಕೊಂಡೆವು. ನೀನು ಇಂಗ್ಲಿಷ್ ಟೀಚರ್, ನಿನಗೆ ಗೊತ್ತಿರಬಹುದು. ನನಗೆ ಗೊತ್ತಿರಲಿಲ್ಲ, ಆ ದಿನ ಊಟ ಮಾಡುವಾಗಲೂ ಅದನ್ನೇ ಹೇಳುತ್ತಿದ್ದೆ. ಅಮ್ಮಿ "ಆ ಚಕ್ರ ಬದಿಗಿಟ್ಟು ಅನ್ನ ತಿನ್ನು" ಅಂದರು.

ಬೋರ್ಡುಗಳು ಸಿಕ್ಕವು. ಆದರೆ ಡ್ರೈವರುಗಳು ಸ್ವಂತಕ್ಕೆ ಬರೆದದ್ದು ಏನೂ ಸಿಗಲಿಲ್ಲ. ಹಾವೇರಿ ಕಡೆಯ ಸಂಗಯ್ಯನನ್ನು ನೀನು ನೋಡಿದ್ದೀಯ, ಅಬ್ಬಾನ ಜೊತೆ ಹಿಂದೆಮುಂದೆ ಲಾರಿ ಓಡಿಸುತ್ತಿದ್ದವನು. ಅವನನ್ನು ಕೇಳಿದರೆ, "ನಾವು ಬರದದ್ದು ಅಂದ್ರ ಸಹಿ ಒಂದ ರೀ ಮೇಡಮ್ಮಾರ, ಅದೂ ದಿನಾ ಒಂದೊಂದು ನಮೂನಿ ಬರ್ತದ" ಎಂದ. ದಿವ್ಯಕ್ಕ ಬರಿಗೈಯಲ್ಲಿ ಪುಣೆಗೆ ಹೊರಟರು. ನಾನು ಆಗಸ್ಟ್ ಪೂರ್ತಿ ಸುಮ್ಮನಿದ್ದೆ. ಸುಮ್ಮನಿರುವುದೂ ಸುಳ್ಳಿನ ಹಾಗೇ ಕಚ್ಚುತ್ತದೆ. ಸೆಪ್ಟೆಂಬರಿನಲ್ಲಿ ಅವರು ಮತ್ತೆ ಬಂದಾಗ ತಾಡಪತ್ರಿ ಬಿಚ್ಚಿದೆ.

ನಿನಗೆ ಆ ಡೈರಿಗಳು ನೆನಪಿರಬೇಕು. ಕಾರವಾರ ಬಂದರಿನ ಗೇಟಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಕೇಳುತ್ತಾರೆ ಎಂದು ಅಬ್ಬಾ ಅಲ್ಲಿನ ಗುಮಾಸ್ತರೊಬ್ಬರಿಂದ ಕಲಿತು, ಮರೆಯಬಾರದು ಎಂದು ದಿನಾ ಬರೆದದ್ದು. ಎಂಜಿನ್ ಶುರು ಮಾಡುವ ಮುಂಚೆ ತಾರೀಕು, ಊರು, ನಿನ್ನೆ ನಡೆದದ್ದು ಮೂರು ಸಾಲು. ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿಲ್ಲ. ದಿವ್ಯಕ್ಕ ಮೊದಲ ಪುಟ ಓದಿ ಕುರ್ಚಿ ಎಳೆದುಕೊಂಡು ಕೂತರು. ಅರಬೈಲ್ ಘಟ್ಟದಲ್ಲಿ ಗಾಡಿ ನಿಂತ ದಿನ ಅಬ್ಬಾ ಬರೆದಿದ್ದಾರೆ: "ಸ್ಟೆಪ್ನಿ ಆಲ್ಸೋ ಗಾನ್. ಕ್ಲೀನರ್ ಕ್ರೈಯಿಂಗ್. ಐ ಆಮ್ ನಾಟ್ ಕ್ರೈಯಿಂಗ್." ಅವರು ಅದನ್ನು ಮೂರು ಸಲ ಓದಿದರು. "ಇಷ್ಟು ನೀಟಾಗಿ ತಾರೀಕು ಹಾಕಿ ಬರೆದವ್ರನ್ನ ನಾ ಎಲ್ಲೂ ಕಾಣ್ಲಿಲ್ಲ. ನಿನ್ನ ಅಪ್ಪ ನಿಘಂಟಿಗೆ ಅಂತಲೇ ಬರ್ದಂಗೆ ಇದೆ" ಎಂದರು.

ಕೊನೆಯ ಡೈರಿಯ ಕೊನೆಯ ಬರಹದ ಪುಟದಲ್ಲಿ ನಿನ್ನ ಕೆಂಪು ಇಂಕು ಇದೆ. ೨೦೧೬ರ ಫೆಬ್ರವರಿ. ನೀನು ಆಗ ಬಿ.ಎಡ್. ಓದುತ್ತಿದ್ದೆ. ಅಬ್ಬಾನೇ ಡೈರಿ ಕೊಟ್ಟು "ನೋಡು ಬೇಟೀ, ಎಷ್ಟು ತಪ್ಪಿದೆ" ಎಂದದ್ದು, ನೀನು ಅಡುಗೆಮನೆಯ ಹೊಸಿಲಲ್ಲಿ ಕೂತು ತಿದ್ದಿದ್ದು ನನಗೂ ನೆನಪಿದೆ. ಸ್ಟೆಪ್ನಿಗೆ ಅಡ್ಡಗೆರೆ ಎಳೆದು ಮೇಲೆ ಸ್ಪೇರ್ ವೀಲ್ ಎಂದು ಬರೆದಿದ್ದೀಯ. ನಿನ್ನ ಅಕ್ಷರ ಆಗಲೇ ಟೀಚರಿನದು. ಅದರ ನಂತರದ ಪುಟಗಳೆಲ್ಲ ಖಾಲಿ.

ದಿವ್ಯಕ್ಕನಿಗೆ ಬೇಕಾಗಿರುವುದು ಆ ಪುಟವೇ. ಮೂವತ್ತು ಅಂಗಡಿಗಳ ಬೋರ್ಡಿಗಿಂತ ಅದು ದೊಡ್ಡ ಸಾಕ್ಷಿಯಂತೆ. ಒಂದೇ ಮನೆಯಲ್ಲಿ ಅಪ್ಪ ಒಂದು ಇಂಗ್ಲಿಷ್ ಬರೆದಿದ್ದಾರೆ, ಮಗಳು ಇನ್ನೊಂದು ಇಂಗ್ಲಿಷ್ ಬರೆದಿದ್ದಾಳೆ, ಎರಡೂ ಒಂದೇ ಹಾಳೆಯ ಮೇಲಿವೆ. ನಿಘಂಟಿನ ಮುನ್ನುಡಿಯಲ್ಲಿ ಆ ಪುಟದ ಚಿತ್ರ ಹಾಕುತ್ತಾರಂತೆ, ಇಬ್ಬರ ಹೆಸರಿನ ಜೊತೆ. ಅದಕ್ಕೆ ಇಬ್ಬರ ಸಹಿ ಬೇಕು, ಈ ತಿಂಗಳ ಕೊನೆಯೊಳಗೆ. ಒಪ್ಪಿಗೆ ಪತ್ರ ಇದರ ಜೊತೆ ಇಟ್ಟಿದ್ದೇನೆ.

ಅಬ್ಬಾನಿಗೆ ಡೈರಿ ತೋರಿಸುವುದು ನನಗೆ ಕಷ್ಟವಾಯಿತು. ಬರೆಯುವುದು ನಿಲ್ಲಿಸಿದಾಗ ಅವನ್ನು ಗುಜರಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟವರು ಅವರೇ. ಹಾಕಿದೆ ಎಂದು ಅವರಿಗೂ ಸುಳ್ಳು ಹೇಳಿದ್ದೆ. ಮಂಚದ ಮೇಲೆ ಸಾಲಾಗಿ ಇಟ್ಟೆ. ಅವರು ಬಯ್ಯಲಿಲ್ಲ. ಒಂದೊಂದರ ಬೆನ್ನನ್ನೂ ಅಂಗೈಯಿಂದ ಸವರಿದರು, ಎತ್ತಿನ ಬೆನ್ನು ಸವರುವ ಹಾಗೆ. ಆಮೇಲೆ ದಿವ್ಯಕ್ಕ ಮನೆಗೆ ಬಂದರು, ಅಮ್ಮಿ ಚಾ ಕೊಟ್ಟರು. ಅಬ್ಬಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಅವರ ಮಾತು ನೀನು ಕೇಳಬೇಕಿತ್ತು, ಅದಕ್ಕೇ ಆಡಿದ ಹಾಗೆಯೇ ಬರೆಯುತ್ತೇನೆ.

"ಅಲ್ಲಮ್ಮಾ, ನಮ್ದು ಶಬ್ದದ ಮುಂದೆ ಇಂಡಿಯನ್ ಅಂತ ಬರೀತೀರಲ್ಲ, ಅದು ತಪ್ಪು ಅಂತ ಹೇಳೋದಾ?"

"ತಪ್ಪು ಅಂತ ಅಲ್ಲ ಮಾರಾಯ್ರೆ. ಎಲ್ಲಿದು ಅಂತ ಹೇಳೂದು, ಅಷ್ಟೇ."

"ಹಂಗಾದ್ರೆ ನಂಬರ್ ಪ್ಲೇಟು. ಕೆಎ ಮೂವತ್ತೊಂದು ಅಂದ್ರೆ ಶಿರಸಿ ಗಾಡಿ ಅಂತ ಅರ್ಥ, ಕೆಟ್ಟ ಗಾಡಿ ಅಂತ ಅಲ್ಲ."

ದಿವ್ಯಕ್ಕ ಚಾ ಲೋಟ ಕೆಳಗಿಟ್ಟು ಪುಸ್ತಕ ತೆಗೆದರು. ಅಬ್ಬಾ ಸುಮ್ಮನಾಗಲಿಲ್ಲ. ಇಂಗ್ಲೆಂಡಿನವರ ಶಬ್ದಕ್ಕೂ ಪ್ಲೇಟು ಇದೆಯಾ ಎಂದು ಕೇಳಿದರು. ಕೆಲವಕ್ಕೆ ಇದೆ, ಲಾರಿ ಎನ್ನುವ ಶಬ್ದಕ್ಕೇ ಬ್ರಿಟಿಷ್ ಎಂದು ಹಾಕುತ್ತಾರೆ, ಅಮೆರಿಕದವರು ಟ್ರಕ್ ಅನ್ನುತ್ತಾರಲ್ಲ ಎಂದರು ದಿವ್ಯಕ್ಕ. ಆದರೆ ಬಹಳಷ್ಟಕ್ಕೆ ಇಲ್ಲ, ಅವರದ್ದು ಹಾಗೇ ಬರುತ್ತದೆ, ಉಳಿದವರದ್ದಕ್ಕೆ ಮಾತ್ರ ಊರಿನ ಹೆಸರು. ಕಚೇರಿಯಲ್ಲಿ ಇದಕ್ಕೇ ದಿನಾ ಜಗಳವಂತೆ. ಅಬ್ಬಾ ಗಡ್ಡ ಕೆರೆದುಕೊಂಡು ಹೇಳಿದರು: "ಪ್ಲೇಟಿಲ್ಲದ ಗಾಡಿನ ಚೆಕ್‌ಪೋಸ್ಟಲ್ಲಿ ಬಿಡಬಾರ್ದಮ್ಮಾ. ಯಾರದ್ದೇ ಇರ್ಲಿ."

ಒಂಬತ್ತು ವರ್ಷಗಳಲ್ಲಿ ಅಬ್ಬಾ ಇಂಗ್ಲಿಷಿನ ವಿಷಯಕ್ಕೆ ಬಾಯಿ ಬಿಟ್ಟದ್ದು ಅದೇ ಮೊದಲು. ನಾನು ಒಳಗೆ ಹೋಗಿ ಅಮ್ಮಿಯನ್ನು ನೋಡಿದೆ. ಅಮ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಈರುಳ್ಳಿ ಖಾರ ಎಂದರು. ಹೆಚ್ಚುತ್ತಿದ್ದದ್ದು ಸೌತೆಕಾಯಿ.

ಆದರೆ ಸಹಿ ಎಂದಾಗ ಅಬ್ಬಾ ಕಾಗದವನ್ನು ಮಡಚಿ ನನಗೆ ವಾಪಸು ಕೊಟ್ಟರು. ಮೊದಲು ನುಜ್ಹತ್ ಹಾಕಲಿ ಎಂದರು. ಅವಳ ಇಂಕು ಅದು, ಅವಳು ಶಾಲೆಯಲ್ಲಿ ಹೆಸರಿರುವ ಟೀಚರು, ನನ್ನ ಇಂಗ್ಲಿಷಿನ ಪಕ್ಕದಲ್ಲಿ ಅವಳ ಹೆಸರು ಬಂದರೆ ಅವಳಿಗೆ ನಾಚಿಕೆಯಾಗಬಾರದು. ಅವಳಿಗೆ ಸರಿ ಅನಿಸಿದರೆ ನನಗೂ ಸರಿ, ಇಲ್ಲದಿದ್ದರೆ ಆ ಹೆಣ್ಣುಮಗಳಿಗೆ ಕ್ಷಮೆ ಕೇಳಿಬಿಡು ಎಂದರು. ಹಾಗೆ ಹೇಳಿದವರು ಮರುದಿನ ಮಧ್ಯಾಹ್ನದೊಳಗೆ ಮೂರು ಸಲ ನನ್ನ ಹತ್ತಿರ ಬಂದು, "ಬರೆದೆಯಾ ಅವಳಿಗೆ" ಎಂದು ಕೇಳಿದರು. ಅದಾಗಿ ಆರು ವಾರವಾಯಿತು. ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ನಾನು ಬರೆಯದೆ ಉಳಿದದ್ದಕ್ಕೆ ಕಾರಣ ಇದೆ. ಅದನ್ನು ಬರೆಯಲು ಇನ್ನೂ ಕೈ ಬರುತ್ತಿಲ್ಲ.

ನೀನು ಹೂಂ ಅನ್ನಲೇಬೇಕು ಎಂದು ನಾನು ಒತ್ತಾಯ ಮಾಡುವುದಿಲ್ಲ. ನಿನ್ನ ಶಾಲೆಯವರು ಆ ಪುಟ ನೋಡಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಆದರೆ ಅಬ್ಬಾನಿಗೆ ಆ ಪುಸ್ತಕದಲ್ಲಿ ತಮ್ಮ ಸಾಲು ನೋಡಬೇಕು ಎಂದು ಆಸೆ ಇದೆ. ಅದಕ್ಕಿಂತ ಹೆಚ್ಚಾಗಿ, ನಿನ್ನ ಹೆಸರಿನ ಪಕ್ಕದಲ್ಲಿ ನೋಡಬೇಕು ಎಂದಿದೆ. ಅವರು ಹಾಗೆ ಹೇಳಿಲ್ಲ, ನಾನು ಅವರ ಮುಖ ನೋಡಿ ಬರೆಯುತ್ತಿದ್ದೇನೆ.

ನನ್ನದೂ ಒಂದು ಸಮಾಚಾರ. ದಿವ್ಯಕ್ಕ ಮೂರು ತಿಂಗಳ ಕೆಲಸ ಕೊಡಿಸಿದ್ದಾರೆ. ಲಾರಿಗಳ ಜೊತೆ ಗುಜರಾತಿನ ಬಂದರುಗಳವರೆಗೆ ಹೋಗುವುದು, ದಾರಿಯಲ್ಲಿ ಕೇಳಿದ, ಕಂಡ ಶಬ್ದಗಳನ್ನು ತಾರೀಕು, ಊರು ಸಮೇತ ಬರೆದು ಕಳಿಸುವುದು. ಹತ್ತನೇ ಕ್ಲಾಸು ಪಾಸಾಗಿಲ್ಲ ಎಂದು ಅರ್ಜಿಯಲ್ಲೇ ಬರೆದೆ. ಅಕ್ಷರ ಓದಲು ಬರುತ್ತದೆಯಲ್ಲ ಸಾಕು ಎಂದರಂತೆ. ಸಂಗಯ್ಯ ತನ್ನ ಲಾರಿಯಲ್ಲಿ ಕರೆದೊಯ್ಯಲು ಒಪ್ಪಿದ್ದಾನೆ. "ನಾ ಬಯ್ಯೂದನ್ನೂ ಬರ್ಕೋತೀ ಏನ್ಲೇ? ಬರ್ಕೋ. ಆದ್ರ ಹೆಸರು ಹಾಕಬ್ಯಾಡ, ನಮ್ಮ ಮುರಿಗೆವ್ವ ಓದ್ತಾಳ" ಎಂದ. ಮುರಿಗೆವ್ವ ಅವನ ಹೆಂಡತಿ.

ಭಾವನಿಗೆ ನನ್ನ ಸಲಾಮು ಹೇಳು. ಫಿರ್ದೌಸ್‌ಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಡು. ಚಿಕ್ಕವನು ದೊಡ್ಡವರಿಗೆ ಹರಸಬಾರದು ಅಂತಾರೆ, ಆದರೂ ಅಲ್ಲಾಹನು ನಿನ್ನ ಮನೆಯಲ್ಲಿ ನಗು ಇಟ್ಟಿರಲಿ ಎಂದು ದಿನಾ ಕೇಳಿಕೊಳ್ಳುತ್ತೇನೆ. ಆಟ ಆಡುವಾಗ ನಾನು ಬಿದ್ದರೆ ಅಮ್ಮಿಗಿಂತ ಮೊದಲು ಓಡಿಬರುತ್ತಿದ್ದವಳು ನೀನು. ಅದು ಮರೆತಿಲ್ಲ.

ನಿನ್ನ ತಮ್ಮ,
ರಯಾನ್

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಈಗ ಸಂಜೆಯ ಮಗ್ರಿಬ್ ನಮಾಜು ಮುಗಿದಿದೆ. ಅಂಚೆಗೆ ಹಾಕಲೆಂದು ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಕಿತ್ತೆ.

ನೀನು ಮದುವೆಗೆ ಮುಂಚೆ ಅಮ್ಮಿಯ ಹತ್ತಿರ ಅತ್ತದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ನನ್ನ ಕೆಂಪು ಇಂಕಿನಿಂದಲೇ ಅಬ್ಬಾ ಬರೆಯುವುದು ಬಿಟ್ಟರು, ನನ್ನ ಮುಂದೆ ಒಂದು ಇಂಗ್ಲಿಷ್ ಶಬ್ದವನ್ನೂ ಆಡುವುದಿಲ್ಲ, ಅಷ್ಟು ನೋಯಿಸಿದೆ ಎಂದು ನೀನು ಹೇಳುತ್ತಿದ್ದೆ. ನೀನು ಡೈರಿ ಕೇಳಿದ್ದು ಕ್ಷಮೆ ಕೇಳಲೆಂದು. ಆಗ ನನಗೆ ಹದಿನಾಲ್ಕು ವರ್ಷ. ನೀನು ಡೈರಿ ಹಿಡಿದು ಅಬ್ಬಾನ ಹತ್ತಿರ ಹೋದರೆ ನಾನು ಮಾಡಿದ್ದು ಹೊರಬೀಳುತ್ತದೆ ಎಂದು ಹೆದರಿ ಆ ಗೆದ್ದಲಿನ ಹಲಗೆ ಹುಡುಕಿದೆ.

ನಿಜ ಇದು. ನೀನು ತಿದ್ದಿದ ಮರುದಿನ ಅಬ್ಬಾ ಆ ಡೈರಿಯನ್ನು ಲಾರಿ ಕಟ್ಟೆಗೆ ತಂದಿದ್ದರು, ಎಲ್ಲರಿಗೂ ತೋರಿಸಲು. ನನ್ನ ಮಗಳು ತಿದ್ದಿದ್ದಾಳೆ, ನೋಡಿ, ಕಾಲೇಜಿನಲ್ಲಿ ತಿದ್ದುವ ಹಾಗೇ ತಿದ್ದಿದ್ದಾಳೆ ಎಂದು ಹೇಳಿಕೊಂಡು ಒಬ್ಬೊಬ್ಬರ ಮುಂದೆಯೂ ಹಿಡಿದರು. ಇಂಗ್ಲಿಷ್ ಓದಲು ಬರುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನನ್ನು ಕರೆದು "ಓದು ಬೇಟಾ" ಎಂದರು. ನಾನು ಅಬ್ಬಾನ ಸಾಲನ್ನು ಅಬ್ಬಾನ ದನಿಯಲ್ಲಿ ಓದಿ, ನಿನ್ನ ಸಾಲನ್ನು ಟೀಚರ್ ದನಿಯಲ್ಲಿ ಓದಿದೆ. ಜನ ನಕ್ಕರು. ಸಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅಬ್ಬಾನೂ ನಕ್ಕರು. ಅಷ್ಟು ಜನ ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು, ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಆ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ನೀನು ತಿದ್ದುವ ಭರದಲ್ಲಿ ಅದರ ಅರ್ಥ ಗಮನಿಸಿರಲಿಕ್ಕಿಲ್ಲ. "ಪಾರ್ಟಿ ಔಟ್ ಆಫ್ ಸ್ಟೇಷನ್. ಟೂ ಡೇಸ್ ಹಾಲ್ಟಿಂಗ್. ಡಾಟರ್ ಬರ್ತ್‌ಡೇ ಗಾನ್." ಸರಕು ಇಳಿಸಿಕೊಳ್ಳುವವನು ಊರಲ್ಲಿಲ್ಲದೆ ಎರಡು ದಿನ ಮಂಗಳೂರಿನಲ್ಲಿ ನಿಂತು, ನಿನ್ನ ಹುಟ್ಟಿದ ದಿನಕ್ಕೆ ಬರಲಾಗದೆ ಬರೆದದ್ದು. ಅದನ್ನು ನಾನು ಅಳುವ ದನಿ ಮಾಡಿ, ಮೂಗು ಎಳೆದು ಓದಿದೆ. ಎಲ್ಲರೂ ಮತ್ತೆ ನಕ್ಕರು. ಅಬ್ಬಾ ನಗಲಿಲ್ಲ. ನನ್ನ ಕೈಯಿಂದ ಡೈರಿ ತೆಗೆದುಕೊಂಡು ಲಾರಿ ಹತ್ತಿದರು. ಆಮೇಲೆ ಬರೆಯಲಿಲ್ಲ.

ನಿನ್ನ ಇಂಕು ಅವರಿಗೆ ಹೆಮ್ಮೆಯಾಗಿತ್ತು ಆಪಾ. ನಿಲ್ಲಿಸಿದ್ದು ನನ್ನ ಬಾಯಿ. ಒಂಬತ್ತು ವರ್ಷ ನೀನು ನನ್ನ ತಪ್ಪನ್ನು ಹೊತ್ತಿದ್ದೀಯ, ಈದಿಗೆ ಬಂದು ಸಂಜೆಯಾಗುವುದರೊಳಗೆ ಹೊರಟುಹೋಗಿದ್ದೀಯ. ನಾನು ನೋಡುತ್ತಾ ಇದ್ದೆ.

ಇಂದು ಸಂಜೆ ಅಬ್ಬಾನಿಗೆ, ಆಪಾ ಹೀಗೆ ಅಂದುಕೊಂಡಿದ್ದಾಳೆ ಎಂದು ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಲಾರಿ ಬಿಟ್ಟ ಮೇಲೆ ಓಡಿಸುವ ಟೆಂಪೊ ಒರೆಸುತ್ತಿದ್ದವರು ಬಟ್ಟೆ ಕೈಯಲ್ಲೇ ಹಿಡಿದು ನಿಂತರು. ನಮ್ಮ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ನಾನು ಬಾಯಿ ಬಿಟ್ಟರೆ ಅವಳಿಗೆ ಅವಮಾನ ಅಂತ ಸುಮ್ಮನಿದ್ದೆ. ಅವಳ ಸ್ಕೂಲಿನ ಬೀದಿಗೂ ಹೋಗಲಿಲ್ಲ. ಅವಳು ಹೀಗೆ ಅಂದುಕೊಂಡಳಾ?" ನನಗೆ ಒಂದು ಹೊಡೆತ ಬಿದ್ದಿದ್ದರೆ ಹಗುರಾಗುತ್ತಿತ್ತು. ಹೊಡೆಯಲಿಲ್ಲ. ಬಟ್ಟೆಯನ್ನು ಹಿಂಡಿ ಹರವಿ, ಸಿದ್ದಾಪುರಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಟೆಂಪೊ ಇದೆಯಲ್ಲ ಎಂದೆ. ಗಾಡಿ ಓಡಿಸುತ್ತಾ ಇದನ್ನೆಲ್ಲ ಯೋಚನೆ ಮಾಡಲು ಆಗುವುದಿಲ್ಲ, ಬಸ್ಸಿನಲ್ಲೇ ಹೋಗುತ್ತೇನೆ ಎಂದರು. ಮನೆಗೆ ಹೋಗಿ ಕಾಯಿರಿ, ಅವಳು ಸಂಜೆ ಬರುತ್ತಾಳೆ ಎಂದರೆ ಕೇಳಲಿಲ್ಲ, ಶಾಲೆಗೇ ಬರುತ್ತಾರಂತೆ.

ಹಾಗಾಗಿ ಇದು ಅಂಚೆಯಲ್ಲಿ ಬರುವುದಿಲ್ಲ, ಅಬ್ಬಾ ತರುತ್ತಾರೆ. ಅವರಿಗೆ ಕನ್ನಡ ಬೋರ್ಡು ಓದುವಷ್ಟೇ ಬರುವುದು, ನಾನು ಏನು ಬರೆದಿದ್ದೇನೆ ಎಂದು ಕೇಳಲೂ ಇಲ್ಲ. ನೀನು ಈ ಸಾಲು ಓದುವಾಗ ಅವರು ನಿನ್ನ ಎದುರಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಸಹಿಯ ಮಾತು ಆಮೇಲೆ ಆಗಲಿ. ನನ್ನನ್ನು ಬಯ್ಯಬೇಕೆನಿಸಿದರೆ ಫೋನ್ ಮಾಡು, ಘಟ್ಟದಲ್ಲಿ ಸಿಗದಿದ್ದರೆ ಇನ್ನೊಮ್ಮೆ ಮಾಡು, ನಾನು ಇಡುವುದಿಲ್ಲ.

ಅಬ್ಬಾನ ಬಸ್ಸು ಬೆಳಿಗ್ಗೆ ಏಳು ಗಂಟೆಗೆ. ನಾನು ಅದಕ್ಕೂ ಮುಂಚೆ, ಐದೂವರೆಗೆ, ಸಂಗಯ್ಯನ ಲಾರಿಯಲ್ಲಿ ನಾಳೆ ಹೊರಡುತ್ತೇನೆ.